ಹಾರಿ ಬಂದದ್ದೋ, ಪಂಜರದಿಂದ ಪಾರಾದದ್ದೋ?

ಪ್ರತಿ ವರ್ಷ ಚಳಿಗಾಲದ ಆರಂಭದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ, ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಮೇಯಲು ಬರುವ ಈ ಹಕ್ಕಿಗಳನ್ನು ನಾವು ಅತಿಥಿಗಳೆಂದೇ ಕರೆಯುತ್ತೇವೆ. 2024ರಲ್ಲಿ ಆ ಕೆರೆಗೆ ರಾಮ್ಸರ್ ಮಾನ್ಯತೆಯೂ ದೊರೆಯಿತು. ಆದರೆ ಇದೇ ಹೆಬ್ಬಾತು ಇಂಗ್ಲೆಂಡಿನ ಯಾವುದಾದರೂ ಉದ್ಯಾನದ ಕೊಳದಲ್ಲಿ ಕಂಡರೆ ಅಲ್ಲಿನ ಪಕ್ಷಿವೀಕ್ಷಕರು ದುರ್ಬೀನನ್ನು ಎತ್ತುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ. ಯಾರೋ ಶ್ರೀಮಂತರ ಕೊಳದಿಂದ ತಪ್ಪಿಸಿಕೊಂಡದ್ದು ಎಂದು ಮುಂದೆ ನಡೆಯುತ್ತಾರೆ. ಬ್ರಿಟನ್ನಿನ ಅಧಿಕೃತ ಪಕ್ಷಿಪಟ್ಟಿಯಲ್ಲಿ ಅದಕ್ಕೆ ಸ್ಥಾನವೇ ಇಲ್ಲ. ಹಕ್ಕಿ ಒಂದೇ, ರೆಕ್ಕೆಯ ಬಲವೂ ಒಂದೇ. ಒಂದು ಊರಿನಲ್ಲಿ ಅದು ಪ್ರವಾಸಿ, ಇನ್ನೊಂದು ಊರಿನಲ್ಲಿ ಪರಾರಿ.

ಈ ಭೇದವನ್ನು ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ ಎಂಬುದು ಪಕ್ಷಿಪ್ರಿಯರ ಖಾಸಗಿ ಜಿಜ್ಞಾಸೆ ಎಂದು ತೋರಬಹುದು. ನಾನು ಪಕ್ಷಿಶಾಸ್ತ್ರಜ್ಞನಲ್ಲ. ಅರ್ಥಶಾಸ್ತ್ರ ಓದಿ, ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರದ ಕಡತಗಳ ನಡುವೆ ಕಳೆದು, ನಿವೃತ್ತಿಯ ನಂತರ ಬೆಳಗಿನ ವಾಯುವಿಹಾರಕ್ಕೆ ದುರ್ಬೀನನ್ನು ಜತೆ ಮಾಡಿಕೊಂಡವನು. ಆದರೂ ಈ ಪ್ರಶ್ನೆ ನನಗೆ ಅಪರಿಚಿತವೆನಿಸಲಿಲ್ಲ. ಸೇವೆಯ ಆರಂಭದ ದಿನಗಳಲ್ಲಿ ವಾಸಸ್ಥಳ ದೃಢೀಕರಣ ಪತ್ರಗಳಿಗೆ ಸಹಿ ಹಾಕುವ ಕೆಲಸ ನನ್ನ ಪಾಲಿಗಿತ್ತು. ಮುಂದೆ ನಿಂತ ಮನುಷ್ಯ ಈ ಊರಿನವನೋ ಅಲ್ಲವೋ ಎಂಬುದನ್ನು ಪಡಿತರ ಚೀಟಿ, ಶಾಲೆಯ ದಾಖಲೆ, ಗ್ರಾಮಲೆಕ್ಕಿಗರ ಟಿಪ್ಪಣಿಗಳನ್ನು ನೋಡಿ ನಿರ್ಧರಿಸಬೇಕು. ದಾಖಲೆ ಪೂರ್ಣವಾಗಿದ್ದರೆ ಕಷ್ಟವಿಲ್ಲ. ದಾಖಲೆ ಅರ್ಧ ಇದ್ದಾಗ ಸಂಶಯದ ಲಾಭ ಯಾರಿಗೆ ಸಲ್ಲಬೇಕು ಎಂಬುದೇ ನಿಜವಾದ ಪ್ರಶ್ನೆ. ಹಕ್ಕಿಯ ವಿಷಯದಲ್ಲಿಯೂ ತೊಡಕು ಇರುವುದು ಅಲ್ಲಿಯೇ.

ಈ ಸಂಶಯವನ್ನು ಬ್ರಿಟಿಷರು ಅಚ್ಚುಕಟ್ಟಾಗಿ ಕಡತಕ್ಕೆ ಇಳಿಸಿದ್ದಾರೆ. 1858ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಪಕ್ಷಿಶಾಸ್ತ್ರಜ್ಞರ ಒಕ್ಕೂಟ ತನ್ನ ಪಟ್ಟಿಯನ್ನು ಅಕ್ಷರಗಳಲ್ಲಿ ವಿಂಗಡಿಸುತ್ತದೆ. 1950ರಿಂದೀಚೆಗೆ ಸಹಜ ಸ್ಥಿತಿಯಲ್ಲಿ ಕಂಡದ್ದು ಎ, 1800ರಿಂದ 1949ರ ನಡುವೆ ಮಾತ್ರ ಕಂಡದ್ದು ಬಿ, ಮನುಷ್ಯ ತಂದು ಬಿಟ್ಟು, ಈಗ ತಾನಾಗಿಯೇ ವಂಶ ಬೆಳೆಸಿಕೊಂಡಿರುವುದು ಸಿ, ಕಾಡಿನದೋ ಪಂಜರದ್ದೋ ಎಂಬ ಸಕಾರಣ ಸಂಶಯ ಇರುವುದು ಡಿ, ತಪ್ಪಿಸಿಕೊಂಡದ್ದು ಇ. ಇವುಗಳಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸುವುದು ಡಿ. ಗೊತ್ತಾಗಲಿಲ್ಲ ಎಂಬುದಕ್ಕೂ ಒಂದು ಅಂಕಣವನ್ನು ಮೀಸಲಿಟ್ಟ ಕಚೇರಿಗಳನ್ನು ನಾನು ನನ್ನ ಸೇವಾವಧಿಯಲ್ಲಿ ಹೆಚ್ಚು ಕಾಣಲಿಲ್ಲ. ಡಿ ವರ್ಗದಲ್ಲಿ ಸೇರಿದ ಹಕ್ಕಿ ಅಧಿಕೃತ ಪಟ್ಟಿಗೆ ಸೇರುವುದಿಲ್ಲ ನಿಜ. ಆದರೆ ಅದರ ಕಡತ ಮುಚ್ಚುವುದೂ ಇಲ್ಲ. ಹೊಸ ಸಾಕ್ಷ್ಯ ಬಂದಾಗ, ಹತ್ತಾರು ವರ್ಷಗಳ ನಂತರವಾದರೂ, ಮರುಪರಿಶೀಲನೆ ನಡೆಯುತ್ತದೆ.

ಸಾಕ್ಷ್ಯ ಎಂದರೇನು? ಮೊದಲು ಕಾಲನ್ನು ನೋಡಬೇಕು. ಪಕ್ಷಿವಿಜ್ಞಾನಿಗಳು ತೊಡಿಸುವ ಬಳೆ ಸೀಳಿರುವ ಲೋಹದ ಪಟ್ಟಿ. ಅದನ್ನು ಬೆಳೆದ ಹಕ್ಕಿಯ ಕಾಲಿಗೂ ಸುತ್ತಿ ಇಕ್ಕಳದಿಂದ ಮುಚ್ಚಬಹುದು. ಪಂಜರದಲ್ಲಿ ಸಾಕುವವರು ತೊಡಿಸುವುದು ಬಹುಮಟ್ಟಿಗೆ ಬೆಸುಗೆಯಿಲ್ಲದ ಇಡೀ ಬಳೆ. ಅದು ಮರಿಯ ಎಳೆಯ ಕಾಲಿಗೆ ಮಾತ್ರ ಹಿಡಿಯುತ್ತದೆ. ಇಂತಹ ಬಳೆ ಕಂಡರೆ ವಾದ ಮುಗಿದಂತೆ. ಬಾತು, ಹೆಬ್ಬಾತುಗಳಾದರೆ ಹಿಂಬೆರಳು ಇದೆಯೇ ನೋಡಬೇಕು. ಗುರುತಿಗಾಗಿ ಅದನ್ನು ಕತ್ತರಿಸುವ ರೂಢಿ ಸಾಕುವವರಲ್ಲಿತ್ತು. ರೆಕ್ಕೆಯ ಗರಿಗಳು ಸಮನಾಗಿ ಕತ್ತರಿಸಿದಂತಿದ್ದರೆ, ಬಾಲದ ತುದಿ ಸರಳುಗಳಿಗೆ ತಿಕ್ಕಿ ಸವೆದಂತಿದ್ದರೆ ಅದೂ ಒಂದು ಸುಳಿವು. ಮನುಷ್ಯರಿಗೆ ಹೆದರದಿರುವುದನ್ನು ಮಾತ್ರ ಎಚ್ಚರದಿಂದ ಪರಿಗಣಿಸಬೇಕು. ಮನುಷ್ಯರನ್ನೇ ಕಂಡಿರದ ಉತ್ತರ ಧ್ರುವದ ಸೀಮೆಯ ಹಕ್ಕಿಗಳು ದಣಿದು ಇಳಿದಾಗ ಕೈಗೆಟುಕುವಷ್ಟು ಹತ್ತಿರ ಬಿಟ್ಟುಕೊಳ್ಳುವುದುಂಟು. ಪೇಟೆಯ ಹಕ್ಕಿಗಿಂತ ಕಾಡಿನ ಹಕ್ಕಿ ಸಾಧುವಾಗಿರುವ ಪ್ರಸಂಗಗಳೂ ಇವೆ.

ಹಕ್ಕಿಯ ಮೈ ಏನನ್ನೂ ಹೇಳದಿದ್ದಾಗ ಸಂದರ್ಭವನ್ನು ಕೇಳಬೇಕಾಗುತ್ತದೆ. ಬಂದ ಋತು ಅದರ ವಲಸೆಯ ಕಾಲವೇ? ಹಿಂದಿನ ವಾರ ಬಿರುಗಾಳಿ ಬೀಸಿತ್ತೇ? ಜತೆಗೆ ಅದೇ ಸೀಮೆಯ ಬೇರೆ ಹಕ್ಕಿಗಳೂ ಬಂದಿವೆಯೇ? ಹತ್ತಿರದಲ್ಲಿ ಬಂದರು ಇದೆಯೇ? ಈ ಕೊನೆಯ ಪ್ರಶ್ನೆಗೆ ನಮ್ಮ ಮನೆಯಂಗಳದ ಕಾಗೆಯೇ ಉದಾಹರಣೆ. 1994ರಲ್ಲಿ ಅದು ನೆದರ್ಲೆಂಡ್ಸಿನ ಹುಕ್ ಆಫ್ ಹಾಲೆಂಡ್ ಬಂದರಿನಲ್ಲಿ ಕಾಣಿಸಿಕೊಂಡಿತು, ಮುಂದೆ ಗೂಡು ಕಟ್ಟಿ ಮರಿಯನ್ನೂ ಮಾಡಿತು. ಅದನ್ನು ಯಾರೂ ಪಂಜರದಲ್ಲಿಟ್ಟು ಒಯ್ದಿರಲಿಲ್ಲ, ಅದು ಅಷ್ಟು ದೂರ ರೆಕ್ಕೆ ಬಡಿದು ಹೋಗುವ ಹಕ್ಕಿಯೂ ಅಲ್ಲ. ಹಡಗಿನ ಮೇಲೆ ಕುಳಿತು, ನಾವಿಕರು ಎಸೆದ ಎಂಜಲು ತಿಂದು, ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿತ್ತು. ಕಾಡೋ ಪಂಜರವೋ ಎಂಬ ಎರಡೇ ಬಾಗಿಲಿನ ಮನೆಗೆ ಇದೊಂದು ಮೂರನೆಯ ಕಿಟಕಿ. ಡಚ್ಚರು ಕೊನೆಗೆ ಆ ಕಾಗೆಗಳನ್ನು ಹೊಡೆದು ತೆಗೆಯುವ ನಿರ್ಧಾರಕ್ಕೆ ಬಂದರು.

ಇವೆಲ್ಲಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ: ಈ ಜಾತಿಯ ಹಕ್ಕಿಗಳು ಸುತ್ತಮುತ್ತಲಿನ ಪಂಜರಗಳಲ್ಲಿ ಎಷ್ಟಿವೆ? ಸಂಖ್ಯಾಶಾಸ್ತ್ರ ಓದಿದವರು ಇದನ್ನು ಪೂರ್ವ ಸಂಭಾವ್ಯತೆ ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ತಿರುಗಾಡುವ ಬೆಂಗಳೂರಿನ ಕೆರೆಯ ದಂಡೆಯ ಮಳೆಮರವೊಂದರ ಮೇಲೆ ಹಳದಿ, ಕಿತ್ತಳೆ ಬಣ್ಣದ ಗಿಳಿಯೊಂದು ಕುಳಿತಿತ್ತು. ಅರ್ಧ ಗಂಟೆಯಲ್ಲಿ ಜನ ಸೇರಿದರು, ಮೊಬೈಲುಗಳು ಮೇಲೆದ್ದವು. ಹಿಮಾಲಯದಿಂದ ಬಂದ ಅಪರೂಪದ ವಲಸೆ ಹಕ್ಕಿ ಎಂದು ಒಬ್ಬರು ಘೋಷಿಸಿದರು. ಕೆರೆಯ ಪುನರುಜ್ಜೀವನದ ಫಲ ಎಂದು ಇನ್ನೊಬ್ಬರು ಸಂತೋಷಪಟ್ಟರು. ಅದು ಸನ್ ಕೊನ್ಯೂರ್. ದಕ್ಷಿಣ ಅಮೆರಿಕದ ಗಯಾನಾ, ಉತ್ತರ ಬ್ರೆಜಿಲ್‌ಗಳ ಹಕ್ಕಿ. ತನ್ನ ತವರಿನಲ್ಲಿ ಅಳಿವಿನಂಚಿಗೆ ಸರಿದಿದ್ದರೂ ಜಗತ್ತಿನ ಸಾಕುಹಕ್ಕಿ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದು ಸಾಗರ ದಾಟಿ ಬೆಂಗಳೂರಿಗೆ ಬಂದಿರುವ ಸಾಧ್ಯತೆಯನ್ನು ಪರಿಶೀಲಿಸಲು ಸಮಿತಿ ಬೇಕಿಲ್ಲ. ಯಾರದೋ ಬಾಲ್ಕನಿಯ ಕದ ತೆರೆದಿತ್ತು, ಅಷ್ಟೇ. ನಾನು ಹಾಗೆಂದಾಗ ಸೇರಿದವರ ಮುಖಗಳು ಸಪ್ಪಗಾದವು. ಹಕ್ಕಿಯನ್ನು ಹಿಡಿದು ಒಡೆಯರಿಗೆ ಮುಟ್ಟಿಸೋಣ ಎಂಬ ಸಲಹೆಗೆ, ಸ್ವಚ್ಛಂದವಾಗಿರುವ ಪ್ರಾಣಿಯನ್ನು ಮತ್ತೆ ಸೆರೆಗೆ ನೂಕುವುದೇ ಎಂಬ ಪ್ರತಿಭಟನೆ ಬಂತು. ಎರಡು ದಿನ ಕಾಗೆಗಳು ಅದನ್ನು ಅಟ್ಟಾಡಿಸಿದವು. ಕಾಳು ಹಾಕಿದ ಬಟ್ಟಲನ್ನಷ್ಟೇ ಕಂಡಿದ್ದ ಹಕ್ಕಿ ಅದು. ಮೂರನೆಯ ದಿನ ಕಾಣಲಿಲ್ಲ. ವಲಸೆ ಹಕ್ಕಿ ಎಂಬ ಉದಾರವಾದ ತೀರ್ಪು ಅದರ ಪಾಲಿಗೆ ಉಪಕಾರವಾಗಲಿಲ್ಲ.

ಹಾಗಾದರೆ ಅಪರೂಪದ ಹಕ್ಕಿ ಕಂಡೊಡನೆ ತಪ್ಪಿಸಿಕೊಂಡದ್ದು ಎಂದು ಬರೆದುಬಿಡುವುದು ಕ್ಷೇಮವಲ್ಲವೇ? ಬಹುಪಾಲು ಪಕ್ಷಿವೀಕ್ಷಕರು, ಅದರಲ್ಲೂ ಅನುಭವಿಗಳು, ಹೀಗೆಯೇ ಯೋಚಿಸುತ್ತಾರೆ. ಅವರ ದೃಷ್ಟಿಯಲ್ಲಿ ಕಾಡಿನದೆಂದು ತಪ್ಪಾಗಿ ಹೇಳುವುದು ಅವಮಾನ. ಪಂಜರದ್ದೆಂದು ತಪ್ಪಾಗಿ ಹೇಳುವುದು ಎಚ್ಚರಿಕೆ. ನಾನು ಒಪ್ಪದಿರುವುದು ಈ ಲೆಕ್ಕಾಚಾರವನ್ನು. ಎರಡೂ ತಪ್ಪುಗಳಿಗೆ ಬೆಲೆಯಿದೆ. ಎರಡನೆಯದರ ಬೆಲೆಯನ್ನು ಬೇರೆ ಯಾರೋ ತೆರುತ್ತಾರಾದ್ದರಿಂದ ಅದು ನಮಗೆ ಕಾಣುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಅದನ್ನು ತೆತ್ತದ್ದು ಅಲ್ಲಿನ ರಾಜಹಂಸ, ಅಂದರೆ ಫ್ಲೆಮಿಂಗೊ.

ಫ್ಲಾರಿಡಾ ಎಂದರೆ ಫ್ಲೆಮಿಂಗೊ ಎನ್ನುವಷ್ಟರ ಮಟ್ಟಿಗೆ ಆ ಹಕ್ಕಿಯ ಚಿತ್ರ ಅಲ್ಲಿನ ಹೋಟೆಲು, ಲಾಟರಿ, ಅಂಗಳದ ಪ್ಲಾಸ್ಟಿಕ್ ಗೊಂಬೆಗಳನ್ನೆಲ್ಲ ಆವರಿಸಿದೆ. ಆದರೆ ಜೀವಂತ ಹಕ್ಕಿಯೊಂದು ಕಂಡರೆ ಮಾತ್ರ ಅದು ಇಲ್ಲಿನದಲ್ಲ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಫ್ಲೆಮಿಂಗೊಗಳ ದೊಡ್ಡ ಹಿಂಡುಗಳಿದ್ದವು. ಪಕ್ಷಿ ಚಿತ್ರಕಾರ ಆಡುಬನ್ 1832ರಲ್ಲಿ ಫ್ಲಾರಿಡಾದ ದ್ವೀಪಗಳ ಬಳಿ ಅವನ್ನು ಕಂಡು ದಾಖಲಿಸಿದ್ದ. ಮಾಂಸಕ್ಕಾಗಿ, ಗರಿಗಾಗಿ ನಡೆದ ಬೇಟೆಯಲ್ಲಿ 1900ರ ಸುಮಾರಿಗೆ ಹಿಂಡುಗಳು ಇಲ್ಲವಾದವು. 1930ರ ದಶಕದಲ್ಲಿ ಮಯಾಮಿ ಸಮೀಪದ ಹಯಾಲಿಯಾ ಕುದುರೆ ಪಂದ್ಯದ ಮೈದಾನಕ್ಕೆ ಶೋಭೆಗಾಗಿ ಕ್ಯೂಬಾದಿಂದ ಫ್ಲೆಮಿಂಗೊಗಳನ್ನು ತರಿಸಿದರು. ಅಂದಿನಿಂದ ಆ ರಾಜ್ಯದಲ್ಲಿ ಎಲ್ಲಿ ಫ್ಲೆಮಿಂಗೊ ಕಂಡರೂ ಅದು ಪಂದ್ಯದ ಮೈದಾನದಿಂದ ಹಾರಿದ್ದು ಎಂಬುದು ಸರ್ಕಾರಕ್ಕೂ ಜನರಿಗೂ ಸ್ವತಃಸಿದ್ಧ ಸತ್ಯವಾಯಿತು. ಪ್ರತಿಯೊಂದು ಹಕ್ಕಿಯನ್ನೂ ಪ್ರತ್ಯೇಕವಾಗಿ ವಿಚಾರಿಸುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಒಮ್ಮೆ ಹಾಕಿದ ಷರಾವನ್ನು ಮುಂದಿನ ಅಧಿಕಾರಿ ನಕಲು ಮಾಡುತ್ತಾ ಹೋಗುವುದು ನಮ್ಮಲ್ಲಿ ಮಾತ್ರ ಎಂದು ನಾನು ತಿಳಿದಿದ್ದೆ!

ಪರಿಣಾಮ ಸರಳ. ಹೊರಗಿನ ಹಕ್ಕಿಯ ಸಂರಕ್ಷಣೆಗೆ ಯೋಜನೆ ಇರುವುದಿಲ್ಲ, ಅದರ ಗೂಡಿನ ಜಾಗಕ್ಕೆ ರಕ್ಷಣೆ ಇರುವುದಿಲ್ಲ. 2015ರಲ್ಲಿ ಕೀ ವೆಸ್ಟ್ ನೌಕಾ ವಿಮಾನ ನಿಲ್ದಾಣದ ಬಳಿ ಬೀಡುಬಿಟ್ಟ ಫ್ಲೆಮಿಂಗೊವೊಂದನ್ನು ವಿಮಾನಗಳಿಗೆ ಅಪಾಯವೆಂದು ಹಿಡಿದಾಗ, ಅದನ್ನು ಮರಳಿ ಫ್ಲಾರಿಡಾದಲ್ಲೇ ಬಿಡಬಹುದೇ ಎಂಬುದೇ ಪ್ರಶ್ನೆಯಾಯಿತು. ವಿಜ್ಞಾನಿಗಳು ಅದರ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಬಿಟ್ಟರು. ಅದು ಕುದುರೆ ಮೈದಾನಕ್ಕೂ ಹೋಗಲಿಲ್ಲ, ಮೆಕ್ಸಿಕೊಗೂ ಹೋಗಲಿಲ್ಲ; ಫ್ಲಾರಿಡಾ ಕೊಲ್ಲಿಯಲ್ಲೇ ಉಳಿಯಿತು. ಇಷ್ಟರೊಳಗೆ ಕೆಲವರು ವಸ್ತುಸಂಗ್ರಹಾಲಯಗಳ ಕಪಾಟುಗಳನ್ನು ತೆರೆದು ನೋಡಿದ್ದರು. ಫ್ಲಾರಿಡಾದಲ್ಲಿ ಸಂಗ್ರಹಿಸಿದ್ದೆಂದು ಚೀಟಿಯಿದ್ದ ಹಳೆಯ ಮೊಟ್ಟೆಗಳು ಅಲ್ಲಿದ್ದವು. ಮೆಕ್ಸಿಕೊದ ಯುಕಟಾನ್‌ನಲ್ಲಿ ಮರಿಯಾಗಿದ್ದಾಗ ಬಳೆ ತೊಡಿಸಿದ ಹಕ್ಕಿಗಳು ಫ್ಲಾರಿಡಾದಲ್ಲಿ ಕಂಡ ದಾಖಲೆಗಳಿದ್ದವು. 2014ರಲ್ಲಿ ಒಂದೇ ಜಲಾಶಯದಲ್ಲಿ ನೂರಕ್ಕೂ ಹೆಚ್ಚು ಫ್ಲೆಮಿಂಗೊಗಳನ್ನು ಎಣಿಸಲಾಗಿತ್ತು. ಇವನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಕಾಂಡೊರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧ ಫ್ಲೆಮಿಂಗೊ ಫ್ಲಾರಿಡಾದ ಮೂಲನಿವಾಸಿ ಎಂದು ವಾದಿಸಿತು. ಆಗಸ್ಟ್ 2023ರಲ್ಲಿ ಇಡಾಲಿಯಾ ಚಂಡಮಾರುತ ಮೆಕ್ಸಿಕೊ ಕಡೆಯಿಂದ ಬೀಸಿದಾಗ ಒಹಾಯೊ, ಪೆನ್ಸಿಲ್ವೇನಿಯಾದಂತಹ ದೂರದ ರಾಜ್ಯಗಳಲ್ಲೂ ಫ್ಲೆಮಿಂಗೊಗಳು ಇಳಿದವು; ಇಷ್ಟೊಂದು ಮೃಗಾಲಯಗಳ ಬಾಗಿಲು ಒಂದೇ ವಾರದಲ್ಲಿ ತೆರೆದುಕೊಂಡಿತೆಂದು ವಾದಿಸುವ ಧೈರ್ಯ ಯಾರಿಗೂ ಇರಲಿಲ್ಲ. ಫೆಬ್ರವರಿ 2024ರ ಎಣಿಕೆಯಲ್ಲಿ ಫ್ಲಾರಿಡಾದಲ್ಲಿ 101 ಹಕ್ಕಿಗಳು ಸಿಕ್ಕವು. ಎಂಟು ದಶಕಗಳ ಕಾಲ ಎಚ್ಚರಿಕೆ ಎನಿಸಿಕೊಂಡಿದ್ದ ತೀರ್ಪು ಒಂದು ಜೀವಿಯನ್ನು ಅದರ ಮನೆಯಲ್ಲಿಯೇ ಪರದೇಶಿಯಾಗಿಸಿತ್ತು.

ಇದನ್ನು ಓದಿ, ಕಂಡ ಫ್ಲೆಮಿಂಗೊಗಳೆಲ್ಲ ಕಾಡಿನವೇ ಎಂದು ಹೊರಡುವವರಿಗೆ ಮತ್ತೊಂದು ಪ್ರಸಂಗವಿದೆ. 2005ರಲ್ಲಿ ಕ್ಯಾನ್ಸಸ್‌ನ ಮೃಗಾಲಯವೊಂದರಿಂದ, ರೆಕ್ಕೆಯ ಗರಿ ಕತ್ತರಿಸಲು ತಡವಾದ ಕಾರಣ, 492 ಎಂಬ ಸಂಖ್ಯೆಯ ಬಳೆಯಿದ್ದ ಆಫ್ರಿಕಾ ಮೂಲದ ಫ್ಲೆಮಿಂಗೊ ಗಾಳಿಯ ದಿನವೊಂದರಲ್ಲಿ ಹಾರಿಹೋಯಿತು. ಅದು ಟೆಕ್ಸಸ್ ಕರಾವಳಿಯಲ್ಲಿ ವರ್ಷಗಟ್ಟಲೆ ಬದುಕಿತು. ಕೆಲವು ಕಾಲ ಅದರ ಜತೆಗೆ ಇನ್ನೊಂದು ಫ್ಲೆಮಿಂಗೊ ಇತ್ತು. ಅದರ ಕಾಲಿನ ಬಳೆ ಯುಕಟಾನ್‌ನಲ್ಲಿ ವಿಜ್ಞಾನಿಗಳು ತೊಡಿಸಿದ್ದು. ಒಂದೇ ನೀರಿನಲ್ಲಿ ಅಕ್ಕಪಕ್ಕ ನಿಂತ ಎರಡು ಹಕ್ಕಿಗಳಲ್ಲಿ ಒಂದು ಪರಾರಿ, ಇನ್ನೊಂದು ಪ್ರವಾಸಿ. ಹಕ್ಕಿಯ ಹೆಸರನ್ನು ನೋಡಿ, ಊರಿನ ಹೆಸರನ್ನು ನೋಡಿ ಸಾಮೂಹಿಕ ತೀರ್ಪು ಕೊಡುವವರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ. ಪ್ರತಿ ಹಕ್ಕಿಗೂ ಪ್ರತ್ಯೇಕ ಕಡತವೇ ಬೇಕು.

ನಮ್ಮ ದೇಶದ ಉದಾಹರಣೆಗೆ ಬರೋಣ. ಚೀನಾ, ಕೊರಿಯಾ, ಜಪಾನ್, ಪೂರ್ವ ರಷ್ಯಾಗಳ ಮ್ಯಾಂಡರಿನ್ ಬಾತು ಬಹುಶಃ ಜಗತ್ತಿನ ಅತ್ಯಂತ ವರ್ಣರಂಜಿತ ಬಾತು. ಆ ಕಾರಣಕ್ಕೇ ಜಗತ್ತಿನಾದ್ಯಂತ ಶ್ರೀಮಂತರ ಕೊಳಗಳಲ್ಲಿದೆ. 2018ರ ಅಕ್ಟೋಬರಿನಲ್ಲಿ ಅದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕಂಡಾಗ ಕಾಲಿನಲ್ಲಿ ಬಳೆಯಿತ್ತು. ಜನ ಮುಗಿಬಿದ್ದು ನೋಡಿದರೂ ಅದು ತಪ್ಪಿಸಿಕೊಂಡದ್ದೆಂಬುದರಲ್ಲಿ ಬಲ್ಲವರಿಗೆ ಸಂಶಯವಿರಲಿಲ್ಲ. 2021ರ ಫೆಬ್ರವರಿಯಲ್ಲಿ ಅದೇ ಜಾತಿಯ ಬಾತು ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಮಾಗುರಿ ಬೀಲ್ ಸರೋವರದಲ್ಲಿ ಕಂಡಿತು. ಅಲ್ಲಿಗೂ ಪೂರ್ವ ಏಷ್ಯಾಕ್ಕೂ ಇರುವ ದೂರ ವಲಸೆಯ ಬಾತಿಗೆ ದೊಡ್ಡದಲ್ಲ, ಕಾಲ ಚಳಿಗಾಲ, ಅದೇ ಜಿಲ್ಲೆಯಲ್ಲಿ ಶತಮಾನದ ಹಿಂದೆಯೂ ಅದು ಕಂಡ ದಾಖಲೆಯಿದೆ, ಸುತ್ತ ವಲಸೆ ಬಾತುಗಳ ಹಿಂಡುಗಳಿದ್ದವು. ಸಾಕ್ಷ್ಯಗಳೆಲ್ಲ ಕಾಡಿನ ಕಡೆಗೇ ವಾಲುತ್ತವೆ, ನಾನೂ ಅದನ್ನು ಒಪ್ಪುತ್ತೇನೆ. ಆದರೆ ಒಂದು ಮಾತನ್ನು ಗಮನಿಸಬೇಕು. 2020ರ ಮೇ ತಿಂಗಳಲ್ಲಿ ಪಕ್ಕದ ಬಾಗ್‌ಜಾನ್ ತೈಲಬಾವಿ ಸ್ಫೋಟಿಸಿ, ಜೂನ್‌ನಲ್ಲಿ ಹೊತ್ತಿ ಉರಿದು, ಆ ಸರೋವರ ಮತ್ತು ಅದನ್ನು ನಂಬಿದ ಮೀನುಗಾರರು, ದೋಣಿಯವರು ತತ್ತರಿಸಿದ್ದರು. ಅಂತಹ ಊರಿಗೆ ಬಣ್ಣದ ಬಾತು ಬಂದಾಗ ಅದು ಕಾಡಿನದೇ ಆಗಿರಲಿ ಎಂದು ಮನಸ್ಸು ಬಯಸುವುದು ಸಹಜ. ಬಯಕೆ ಸಾಕ್ಷ್ಯವಲ್ಲ. ಅದೃಷ್ಟವಶಾತ್ ಇಲ್ಲಿ ಎರಡೂ ಒಂದೇ ದಿಕ್ಕಿಗಿದ್ದವು, ಯಾವಾಗಲೂ ಹಾಗಿರುವುದಿಲ್ಲ.

ಪ್ರಯೋಗಾಲಯ ಈ ಜಗಳವನ್ನು ಬಗೆಹರಿಸಲಾರದೇ ಎಂದು ಓದುಗರು ಕೇಳಬಹುದು. ಕೆಲವೊಮ್ಮೆ ಬಗೆಹರಿಸುತ್ತದೆ. ಮಳೆನೀರಿನಲ್ಲಿರುವ ಭಾರ ಜಲಜನಕದ ಪ್ರಮಾಣ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಗರಿ ಬೆಳೆಯುವಾಗ ಆ ಗುರುತನ್ನು ಹೀರಿಕೊಂಡು ಉದುರುವವರೆಗೂ ಉಳಿಸಿಕೊಳ್ಳುತ್ತದೆ. 2005ರಲ್ಲಿ ಡೆನ್ಮಾರ್ಕಿನಲ್ಲಿ ಬೇಟೆಗೆ ಸಿಕ್ಕ ಬೈಕಲ್ ಬಾತಿನ ಬೇರೆ ಬೇರೆ ವಯಸ್ಸಿನ ಗರಿಗಳನ್ನು ಹೀಗೆ ಪರೀಕ್ಷಿಸಿದಾಗ, ಅದು ಸೈಬೀರಿಯಾದಲ್ಲಿ ಹುಟ್ಟಿ ಪಶ್ಚಿಮಕ್ಕೆ ಹಾರಿಬಂದ ಹಕ್ಕಿ ಎಂಬುದಕ್ಕೆ ಬಲವಾದ ಆಧಾರ ಸಿಕ್ಕಿತು. ಆದರೆ ಇದಕ್ಕೆ ಗರಿ ಕೈಗೆ ಸಿಗಬೇಕು. ಛಾಯಾಚಿತ್ರದಿಂದ ಆಗುವ ಕೆಲಸವಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಪಟ್ಟಿಯ ಶುದ್ಧಿಯೊಂದೇ ಕಾರಣವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಅದರ ವೈರಾಣು ರಷ್ಯಾದ ವೈರಾಣುವೊಂದನ್ನು ಹೋಲುತ್ತಿದ್ದುದರಿಂದ ವಲಸೆ ಹಕ್ಕಿಗಳ ಮೇಲೆ ಶಂಕೆ ಹೋಯಿತು. ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿಯವರ ನೇತೃತ್ವದಲ್ಲಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಬಳೆ ತೊಡಿಸುವ ಕೆಲಸ ಕೈಗೊಂಡದ್ದರ ಹಿಂದೆ ಈ ಶಂಕೆಯೂ ಇತ್ತು. ಹಕ್ಕಿಗಳ ಅಪರಾಧ ಸಾಬೀತಾಗಲಿಲ್ಲ. ಅವುಗಳ ಪ್ರಯಾಣದ ಬಗ್ಗೆ ಮಾತ್ರ ನಮ್ಮ ತಿಳಿವಳಿಕೆ ಬೆಳೆಯಿತು. ಹಕ್ಕಿಜ್ವರದ ಕಾಲದಲ್ಲೂ ಮೊದಲ ಬೆರಳು ತೋರಿದ್ದು ವಲಸೆ ಹಕ್ಕಿಗಳ ಕಡೆಗೆ. ಅವು ಸಂಪೂರ್ಣ ನಿರ್ದೋಷಿಗಳೆಂದು ಇಂದು ಯಾರೂ ಹೇಳುವುದಿಲ್ಲ. ಆದರೆ 2004ರ ಅಕ್ಟೋಬರಿನಲ್ಲಿ ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ಥಾಯ್ಲೆಂಡಿನಿಂದ ಬಂದ ಪ್ರಯಾಣಿಕನ ಕೈಚೀಲದಲ್ಲಿ ಸಿಕ್ಕ ಎರಡು ಗಿಡುಗಗಳು ಎಚ್5ಎನ್1 ವೈರಾಣುವನ್ನು ಹೊತ್ತಿದ್ದವು. ಅವು ದಾರಿಯಲ್ಲಿ ತಪ್ಪಿಸಿಕೊಂಡು ಯಾವುದೋ ಉದ್ಯಾನದಲ್ಲಿ ಸತ್ತು ಬಿದ್ದಿದ್ದರೆ, ಅಪರೂಪದ ವಲಸೆ ಹಕ್ಕಿಯೇ ರೋಗ ತಂದಿತೆಂದು ದಾಖಲೆಯಾಗುತ್ತಿತ್ತೇನೋ.

ಈಗ ನಮ್ಮ ಲೆಕ್ಕದ ಪುಸ್ತಕಕ್ಕೆ ಬರುತ್ತೇನೆ. ಕಾಡಿನ ಕಡೆಯ ಪುಸ್ತಕವನ್ನು ನಾವು ಸಾಕಷ್ಟು ಚೆನ್ನಾಗಿ ಬರೆಯತೊಡಗಿದ್ದೇವೆ. 2016ರಲ್ಲಿ ಇಂಡಿಯನ್ ಬರ್ಡ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಭಾರತದ ಪಕ್ಷಿಪಟ್ಟಿ ಪ್ರತಿ ದಾಖಲೆಯನ್ನೂ ಜರಡಿಯಾಡಿ 1,263 ಪ್ರಭೇದಗಳನ್ನು ಒಪ್ಪಿಕೊಂಡಿತು. ಸಾವಿರಾರು ಹವ್ಯಾಸಿಗಳು ತಾವು ಕಂಡದ್ದನ್ನು ಇ-ಬರ್ಡ್ ಜಾಲದಲ್ಲಿ ದಿನವೂ ನಮೂದಿಸುತ್ತಾರೆ. ಖಾಲಿ ಇರುವುದು ಪಂಜರದ ಕಡೆಯ ಪುಸ್ತಕ. ದೇಶೀ ಹಕ್ಕಿಗಳ ಮಾರಾಟ 1990ರ ದಶಕದ ಆರಂಭದಿಂದ ನಿಷಿದ್ಧ. ಆದರೆ ವಿದೇಶಿ ಹಕ್ಕಿಗಳನ್ನು ಸಾಕುವವರಿಗೆ ಬಹುಕಾಲ ಯಾವ ಲೆಕ್ಕವೂ ಇರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಸ್ವಯಂಪ್ರೇರಿತ ಘೋಷಣೆಗೆ ಅವಕಾಶ ಕೊಟ್ಟಿತು. 2022ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು ಹೊಸ ನಾಲ್ಕನೆಯ ಅನುಸೂಚಿಗೆ ಸೇರಿದವು. ಅವುಗಳ ನೋಂದಣಿಗೆ 2024ರಲ್ಲಿ ನಿಯಮಗಳು ಬಂದವು. ಸ್ವಾಗತಾರ್ಹವಾದ ಹೆಜ್ಜೆ. ಆದರೆ ಆ ಪಟ್ಟಿ ಅಂತರರಾಷ್ಟ್ರೀಯ ವ್ಯಾಪಾರದಿಂದ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿ. ತಪ್ಪಿಸಿಕೊಳ್ಳಬಹುದಾದ ಹಕ್ಕಿಗಳ ಪಟ್ಟಿ ಅಲ್ಲ. ಸನ್ ಕೊನ್ಯೂರ್ ಅದರಲ್ಲಿದೆ, ಬೈಕಲ್ ಬಾತು ಇದೆ. ಮ್ಯಾಂಡರಿನ್ ಬಾತು ಇಲ್ಲ. ನಗರಗಳಲ್ಲಿ ಅತಿ ಹೆಚ್ಚು ಸಾಕುವ ಬಜರಿಗರ್, ಕಾಕಟೀಲ್‌ಗಳೂ ಇಲ್ಲ. ನಾಳೆ ಕರ್ನಾಟಕದ ಕೆರೆಯೊಂದರಲ್ಲಿ ಮ್ಯಾಂಡರಿನ್ ಬಾತು ಕಂಡರೆ, ನೂರು ಕಿಲೋಮೀಟರ್ ಸುತ್ತಳತೆಯಲ್ಲಿ ಯಾರಾದರೂ ಅದನ್ನು ಸಾಕಿದ್ದಾರೆಯೇ ಎಂಬ ಮೊದಲ ಪ್ರಶ್ನೆಗೆ ಉತ್ತರಿಸಬಲ್ಲ ಪುಸ್ತಕ ಯಾವ ಕಚೇರಿಯಲ್ಲೂ ಇರುವುದಿಲ್ಲ. ನೋಂದಣಿಯಾದವುಗಳ ಮಟ್ಟಿಗಾದರೂ ಒಡೆಯರ ಹೆಸರು, ವಿಳಾಸಗಳನ್ನು ಬಿಟ್ಟು, ಜಿಲ್ಲಾವಾರು ಸಂಖ್ಯೆಯನ್ನು ವರ್ಷಕ್ಕೊಮ್ಮೆ ಪ್ರಕಟಿಸಿದರೆ ಸಾಕು. ಅಷ್ಟರಿಂದಲೇ ಅರ್ಧ ವಾದಗಳು ತೀರುತ್ತವೆ.

ದೇಶೀ ಹಕ್ಕಿಗಳ ವಿಷಯ ಇನ್ನೂ ಸೂಕ್ಷ್ಮ. ಕಾನೂನು ನಿಷೇಧಿಸಿದ್ದರೂ ಗಿಳಿ, ಮುನಿಯಗಳ ಕದ್ದು ಮಾರಾಟ ನಿಂತಿಲ್ಲ. ಮಧ್ಯ ಭಾರತದ ಸೀಮಿತ ಪ್ರದೇಶದ ಹಸಿರು ಮುನಿಯ ಪಂಜರದ ವ್ಯಾಪಾರದ ಮೂಲಕ ಒಂದು ಕಾಲದಲ್ಲಿ ಲಾಹೋರಿನ ಬಳಿ ಸಂಸಾರ ಹೂಡಿತ್ತು. ಬೆಂಗಳೂರಿನಲ್ಲಿ ಕಾಣುವ, ಭುಜದ ಮೇಲೆ ಕೆಂಪು ಮಚ್ಚೆಯ ದೊಡ್ಡ ಅಲೆಕ್ಸಾಂಡ್ರಿನ್ ಗಿಳಿಗಳೂ ಪಂಜರದ ಮೂಲದವೆಂಬ ಶಂಕೆ ಬಲ್ಲವರಲ್ಲಿದೆ. ಇಲ್ಲಿ ಕದ ತೆರೆಯುವವರು ಸಾಕಿದವರು ಮಾತ್ರವಲ್ಲ. ಮಾರುಕಟ್ಟೆಯಲ್ಲಿ ವಶಪಡಿಸಿಕೊಂಡ ಹಕ್ಕಿಗಳನ್ನು ಸಮೀಪದ ಕಾಡಿನಲ್ಲಿ, ಛಾಯಾಗ್ರಾಹಕರ ಸಮ್ಮುಖದಲ್ಲಿ, ಬುಟ್ಟಿ ತೆರೆದು ಬಿಡುವ ಪದ್ಧತಿ ನಮ್ಮ ಆಡಳಿತದಲ್ಲಿ ಬಹುಕಾಲದಿಂದ ಇದೆ. ಅವುಗಳನ್ನು ಹಿಡಿದದ್ದು ಯಾವ ರಾಜ್ಯದಲ್ಲಿ ಎಂಬ ವಿಚಾರಣೆ ಅಪರೂಪ. ಹಾಗೆ ಬಿಟ್ಟ ಹಕ್ಕಿ ಮೂರು ವರ್ಷಗಳ ನಂತರ ಯಾರದೋ ಕ್ಯಾಮೆರಾಕ್ಕೆ ಸಿಕ್ಕಿ, ಈ ಪ್ರಭೇದದ ವ್ಯಾಪ್ತಿ ದಕ್ಷಿಣಕ್ಕೆ ವಿಸ್ತರಿಸಿದೆ ಎಂಬ ಸಂಶೋಧನೆಗೆ ಆಧಾರವಾಗಬಹುದು. ಸರ್ಕಾರವೇ ಸೃಷ್ಟಿಸಿದ ಸುಳ್ಳು ಸಾಕ್ಷ್ಯ ಅದು.

ಮಂಗೋಲಿಯಾದ ವಿಜ್ಞಾನಿಗಳು ಕತ್ತುಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳನ್ನು ನಮ್ಮ ಕೆರೆಗಳ ದಂಡೆಯಲ್ಲಿ ನಿಂತು, ಪಟ್ಟಿಯ ಮೇಲಿನ ಅಕ್ಷರಗಳನ್ನು ದುರ್ಬೀನಿನಲ್ಲಿ ಓದಿ, ಅವು ಎಲ್ಲಿಂದ ಬಂದವೆಂದು ಸಾಮಾನ್ಯ ಹವ್ಯಾಸಿಗಳೂ ಪತ್ತೆ ಮಾಡಿದ್ದಾರೆ. ಸಾವಿರಾರು ಕಿಲೋಮೀಟರ್ ದೂರದ ಹಕ್ಕಿಗೆ ಸಾಧ್ಯವಾದದ್ದು ನಮ್ಮ ಅರಣ್ಯಾಧಿಕಾರಿಗಳು ತಮ್ಮ ಕೈಯಾರೆ ಬಿಡುವ ಗಿಳಿಗೆ ಅಸಾಧ್ಯವೇನಲ್ಲ. ಬಿಡುವ ಮೊದಲು ಕಾಲಿಗೊಂದು ಅಲ್ಯುಮಿನಿಯಂ ಬಳೆ, ಪುಸ್ತಕದಲ್ಲಿ ಒಂದು ಸಾಲು: ಎಲ್ಲಿ ವಶಪಡಿಸಿಕೊಂಡದ್ದು, ಎಲ್ಲಿ ಬಿಟ್ಟದ್ದು, ಎಂದು. ವಶಪಡಿಸಿಕೊಂಡಾಗ ಹೇಗೂ ಮಹಜರು ಬರೆಯುತ್ತಾರೆ. ಅದರ ನಮೂನೆಗೆ ಇನ್ನೊಂದು ಅಂಕಣ ಸೇರಿಸಲು ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು.